ಅತ್ಯಾನ ಚಿಮಣಾ

ಮೊನ್ನೆ ಹೈದರಾಬಾದಿನ ನಮ್ಮ ಹಾಸ್ಟೆಲಿನಲ್ಲಿ ಯಾರೋ ಕಂದೀಲಿನ ಗಾಜು ಒರೆಸುತ್ತಿದ್ದರು. ಆ ಮಸಿಯ ವಾಸನೆ ಮೂಗಿಗೆ ಬಡಿದಾಗ ಕೈಯಲ್ಲಿದ್ದ ಪುಸ್ತಕ ಮುಚ್ಚಿಟ್ಟೆ. ಚಿತ್ತಾಪುರದ ನಮ್ಮ ಮನೆಯಲ್ಲಿ ಅತ್ಯಾ, ಅಂದರೆ ನನ್ನ ತಂದೆಯ ಅಕ್ಕ, ದೀಪದ ಮಸಿಯನ್ನು ಜಾಲಿಯ ಗೋಂದಿನಲ್ಲಿ ಅರೆದು ತಾನೇ ಶಾಯಿ ಮಾಡಿಕೊಳ್ಳುತ್ತಿದ್ದಳು. ಅವಳ ಹುಟ್ಟುಹೆಸರು ಚಿಮಣಾ. ಹತ್ತನೆಯ ವಯಸ್ಸಿನಲ್ಲಿ ಮದುವೆಯಾದಾಗ ನಮ್ಮವರ ರೂಢಿಯಂತೆ ತಾಟಿನ ಅಕ್ಕಿಯಲ್ಲಿ ಉಂಗುರದಿಂದ ಹೊಸ ಹೆಸರು ಬರೆಸಿದರು: ರುಕ್ಮಿಣಿ. ಎರಡು ವರ್ಷಕ್ಕೆ ಗಂಡ ತೀರಿಕೊಂಡ. ಅವಳ ತಲೆ ಬೋಳಿಸಿ ತವರಿಗೆ ಕಳಿಸಿದರು. ಹಳೆಯ ಹೆಸರನ್ನು ಯಾರೂ ಹಿಂದಿರುಗಿಸಲಿಲ್ಲ. ಅದನ್ನು ಅವಳು ತಾನು ಬರೆಯುತ್ತಿದ್ದ ಕಥೆಗೂ ಕಥೆಯೊಳಗಿನ ಹುಡುಗಿಗೂ ಇಟ್ಟಳು.

ಮಧ್ಯಾಹ್ನ ಊಟವಾದ ಮೇಲೆ, ತಣ್ಣನೆಯ ಶಹಾಬಾದ ಕಲ್ಲಿನ ಪಡಸಾಲೆಯಲ್ಲಿ ಓಣಿಯ ಹೆಂಗಸರು ಗುಡಿಯ ದೀಪಕ್ಕೆ ಬತ್ತಿ ಹೊಸೆಯಲು ಕೂಡುತ್ತಿದ್ದರು. ಅತ್ಯಾ ತನ್ನ ಕಥೆಯ ಗಂಟು ಬಿಚ್ಚಿ ಎರಡು ಹಾಳೆ ಓದುತ್ತಿದ್ದಳು. ಕಥೆಯ ಚಿಮಣಾ ಕೂಡ ಎಳೆಯ ವಿಧವೆ. ಪುಣೆಗೆ ಹೋಗಿ ಸಾಲಿ ಕಲಿಯುತ್ತೇನೆಂದು ಒಬ್ಬಳೇ ಮನೆ ಬಿಟ್ಟವಳು. ಪಕ್ಕದ ಮನೆಯ ಗುಂಡಕ್ಕನಿಗೆ ತಾಳ್ಮೆ ಕಡಿಮೆ.

“ಏ ರುಕ್ಮಿಣಿ, ನಿನ್ನ ಚಿಮಣಾ ಗಾಡಿ ಹತ್ತಿದ್ಲೋ, ಇನ್ನಾ ಸೆರಗು ಸರಿ ಮಾಡ್ಕೋಲಿಕತ್ತಾಳೋ?”

“ಗಾಡಿ ನಿಮ್ಮಪ್ಪಂದಲ್ಲ, ತಡಿ. ಮದಲು ಕೈಯಾಗಿನ ಬತ್ತಿ ಹೊಸಿ.”

ಚಿಮಣಾ ಗಾಡಿ ಹತ್ತಿದಳು. ವಾಡಿ ಜಂಕ್ಷನ್ನಿನಲ್ಲಿ ಇಳಿದು ಪುಣೆಯ ಗಾಡಿಗೆ ಕಾಯುತ್ತ ನಿಂತಳು. ನಾವು ಕೇಳಿದ್ದು ಅಲ್ಲಿಯವರೆಗೆ ಮಾತ್ರ, ಯಾಕೆಂದರೆ ಮರುದಿನ ಮುಂಜಾನೆ ಆ ಗಂಟನ್ನು ನಾನೇ ಒಯ್ದು ದೊಡ್ಡಪ್ಪನ ಕೈಗೆ ಕೊಟ್ಟೆ. ನನಗಾಗ ಎಂಟು ವರ್ಷ. ಅತ್ಯಾನ ಅಣ್ಣನಾದ ದೊಡ್ಡಪ್ಪ ಸರಕಾರಿ ಕಚೇರಿಯಲ್ಲಿ ಉರ್ದು ಬರೆದು ಬಂದು ಮನೆಯಲ್ಲಿ ಕನ್ನಡ ಬರೆಯುತ್ತಿದ್ದ. ಊರಿನವರು ಅವನನ್ನು ಪಂಡಿತನೆನ್ನುತ್ತಿದ್ದರು. ಅತ್ಯಾನನ್ನೂ ಹಾಗೆ ಕರೆಯಲಿ ಎಂಬುದು ನನ್ನ ಆಸೆ. “ದೊಡ್ಡಪ್ಪಾ, ಅತ್ಯಾ ಪುಸ್ತಕ ಬರದಾರ್ರಿ” ಎಂದೆ. “ಹೌದೇನು? ಇಲ್ಲಿ ಇಡು, ತಿದ್ದಿ ಕೊಡ್ತೀನಿ” ಎಂದ. ವಿಷಯ ತಿಳಿದಾಗ ಅತ್ಯಾ “ನೀ ಕೊಟ್ಟಿಯೇನು?” ಎಂದಷ್ಟೇ ಕೇಳಿದಳು.

ಎರಡು ವರ್ಷದ ಮೇಲೆ ಧಾರವಾಡದ ಕಡೆ ಅಚ್ಚಾಗಿ ಒಂದು ಕಟ್ಟು ಪುಸ್ತಕ ಬಂತು. ಹೆಸರು ‘ಚಿಮಣಾ’, ಕೆಳಗೆ ದೊಡ್ಡಪ್ಪನ ಹೆಸರು. ನಿಮ್ಮಲ್ಲಿ ಕೆಲವರು ಓದಿರಬಹುದು. ನಮ್ಮ ಕಡೆ ಮದುವೆಯಲ್ಲಿ ಹುಡುಗಿಯರಿಗೆ ಅದನ್ನು ಉಡುಗೊರೆ ಕೊಡುತ್ತಾರೆ. ವಾಡಿಯವರೆಗೆ ಎಲ್ಲವೂ ಅತ್ಯಾನದು, ಗುಂಡಕ್ಕ ನಕ್ಕ ಮಾತುಗಳು ಸಹಿತ. ವಾಡಿಯಲ್ಲಿ ದೊಡ್ಡಪ್ಪನ ಚಿಮಣಾಳನ್ನು ಒಬ್ಬ ಲಫಂಗ ಮೋಸಗೊಳಿಸುತ್ತಾನೆ. ಅವಳು ಅಳುತ್ತ ತಿರುಗಿ ಬಂದು ಅಣ್ಣನ ಕಾಲು ಹಿಡಿದು, ಬತ್ತಿ ಹೊಸೆಯುತ್ತ ಪುನೀತಳಾಗುತ್ತಾಳೆ. ಕದ್ದದ್ದನ್ನು ಕ್ಷಮಿಸಬಹುದಿತ್ತೇನೋ. ಹೋದವಳನ್ನು ಹಿಡಿದು ತಂದದ್ದನ್ನು ನಾನು ಕ್ಷಮಿಸಲಾರೆ.

“ಅಣ್ಣಾ, ನನ್ನ ಹಾಳಿ?” ಎಂದು ಅತ್ಯಾ ಬಾಗಿಲ ಹೊರಗೆ ನಿಂತು ಕೇಳಿದಳು. “ಅಚ್ಚಾದ ಮ್ಯಾಲ ಅವುಗಳ ಕೆಲಸೇನದ? ಬಚ್ಚಲದ ಒಲಿಗೆ ಹಾಕ್ಸೀನಿ,” ಎಂದ ದೊಡ್ಡಪ್ಪ, ತಲೆ ಎತ್ತದೆ. ಅವಳು ಮತ್ತೆ ಬರೆಯಲಿಲ್ಲ. ಕೆಲವು ವರ್ಷಗಳ ಮೇಲೆ ಹೈದರಾಬಾದಿಗೆ ಕಲಿಯಲು ಹೊರಟ ದಿನ ನಾನು ಧೈರ್ಯ ಮಾಡಿ ಕೇಳಿದೆ: “ಅತ್ಯಾ, ನಿಮ್ಮ ಚಿಮಣಾ ಹೊಳ್ಳಿ ಬಂದ್ಲೇನ್ರಿ?”

“ಯಾಕ ಬರ್ತಾಳ?” ಎಂದಳು, ಭಾಳ ಸಿಟ್ಟಿನಿಂದ. “ಅಕಿಗೇನು ಹುಚ್ಚ? ಹೆಸರು ಒಂದ ಆದ್ರ ಅವ್ನ ಹುಡುಗಿ ನನ್ನ ಹುಡುಗಿ ಆಗ್ತಾಳೇನು? ನೀ ನಡಿ, ಗಾಡಿ ತಪ್ಪತದ.”

ಮರುವರ್ಷ ಅವಳು ತೀರಿಕೊಂಡಳು. ಪುರೋಹಿತರು ಎಲ್ಲ ಮಂತ್ರಗಳಲ್ಲೂ ರುಕ್ಮಿಣಿ ಎಂದರು. ಹದಿಮೂರನೆಯ ದಿನ ಊಟಕ್ಕೆ ಬಂದವರಿಗೆಲ್ಲ ದೊಡ್ಡಪ್ಪ ಎಲೆಯಡಿಕೆಯ ಜೊತೆ ತನ್ನ ‘ಚಿಮಣಾ’ದ ಪ್ರತಿ ಹಂಚಿದ. “ತಗೋವಾ, ನಿಮ್ಮ ಅತ್ಯಾನ ನೆನಪಿಗೆ,” ಎಂದು ನನಗೂ ಚಾಚಿದ. ನಾನು ಕೈ ನೀಡಲಿಲ್ಲ. ಅವನು ಅದನ್ನು ನನ್ನ ಪಕ್ಕದ ಕಲ್ಲಿನ ಮೇಲಿಟ್ಟು ಮುಂದಿನವರ ಕಡೆ ಹೋದ.

ಆ ಪಡಸಾಲೆ ಈಗಿಲ್ಲ. ಕಲ್ಲು ಕಿತ್ತು ಮಾರಿದರು. ಗುಂಡಕ್ಕನೂ ಇಲ್ಲ. ಪುಸ್ತಕ ಮಾತ್ರ ಇನ್ನೂ ಸಿಗುತ್ತದೆ.