ಕಲ್ಯಾಣದಿಂದ ದುಬೈಗೆ, ಹುಮನಾಬಾದ್ ಮಾರ್ಗವಾಗಿ

ಗೆಳೆಯರೇ, ವಿಮಾನದ ಪೈಲಟ್‌ಗಳು ದಾರಿ ತಪ್ಪಿದರೆ ಮೊದಲು ಫೋನ್ ಮಾಡುವುದು ನನಗೇ. ಅಂಥವನಿಗೆ ಇವತ್ತು ಹೀಗಾಯಿತು.

ಅಂಗನವಾಡಿಯಲ್ಲಿ ಕೆಲಸ ಮಾಡುವ ನನ್ನಾಕೆಗೆ ಸಿಕ್ಕಿದ್ದು ನಾಲ್ಕೇ ದಿನ ರಜೆ. ಅವಳು ನೇಪಾಳ ಅಂದಳು. ದುಬೈ ಟೂರಿನ ಜಾಹೀರಾತಿನಲ್ಲಿ ‘ಕಲ್ಯಾಣದಿಂದ ಕಾರು ಉಚಿತ’ ಎಂದಿತ್ತು. ಬಸವಕಲ್ಯಾಣಕ್ಕೆ ನಾವೆಲ್ಲ ಕಲ್ಯಾಣ ಎಂದೇ ಅನ್ನುವುದಲ್ಲವೇ? ಊರಿಗೇ ಕಾರು ಬಂದರೆ ಒಂದು ದಿನ ಉಳಿಯುತ್ತದೆಂದು ದುಬೈ ಗಟ್ಟಿ ಮಾಡಿದೆ.

ಬೆಳಿಗ್ಗೆ ನಮ್ಮ ಬಸ್‌ಸ್ಟ್ಯಾಂಡಿನಲ್ಲಿ ಬ್ಯಾಗು ಹಿಡಿದು ನಿಂತೆವು. ಡ್ರೈವರ್ ಫೋನ್ ಮಾಡಿದ: “ಸಾಬ್, ರೈಲ್ವೆ ಸ್ಟೇಷನ್ ಕೆ ಸಾಮ್ನೆ ಖಡಾ ಹೂಂ.”

ರೈಲ್ವೆ ಸ್ಟೇಷನ್ನಾ? ನಮ್ಮೂರಿಗೆ ರೈಲೇ ಬಂದಿಲ್ಲ! ಪಾಪ, ಹುಮನಾಬಾದಿಗೆ ಹೋಗಿರಬೇಕೆಂದು ಆಟೊ ಮಾಡಿಕೊಂಡು ಅಲ್ಲಿಗೆ ಓಡಿದೆವು. ಸ್ಟೇಷನ್ ಮುಂದೆ ಒಂದು ಎಮ್ಮೆ ನಿಂತಿತ್ತು, ಕಾರು ಇರಲಿಲ್ಲ. ಮತ್ತೆ ಫೋನ್ ಹಚ್ಚಿದೆ.

“ಕಲ್ಯಾಣ್ ಮೇ ಹೀ ಹೂಂ ಸಾಬ್. ಬಂಬಯಿ ಕೆ ಬಾಜೂವಾಲಾ ಕಲ್ಯಾಣ್.”

ಆಗ ಟಿಕೆಟ್ ತೆಗೆದು ನೋಡಿದೆ. ವಿಮಾನ ಹೈದರಾಬಾದಿನಿಂದ ಎಂದುಕೊಂಡಿದ್ದೆ. ಟಿಕೆಟಿನಲ್ಲಿ ಮುಂಬೈ ಎಂದಿದ್ದನ್ನು ಓದಿದ್ದರೆ ತಾನೆ! ಅದು ಹಾರಲು ಮೂರೇ ತಾಸು ಉಳಿದಿತ್ತು.

ನನ್ನಾಕೆ ಬ್ಯಾಗಿನ ಮೇಲೆ ಕುಳಿತಳು. “ನೇಪಾಳ ಬ್ಯಾಡ ಅಂದ್ರಿ, ದುಬೈ ಅಂದ್ರಿ, ಈಗ ಹುಮನಾಬಾದ್ ತೋರ್ಸಾಕತ್ತೀರಿ. ಇನ್ನಾ ಮೂರು ದಿನ ರಜಾ ಅದ. ಮುಂದ ಯಾವ ದೇಶರೀ?”

ಓಣಿಯವರಿಗೆಲ್ಲ ಹೋದದ್ದು ಆಟೊ ಬಾಡಿಗೆ ಅಷ್ಟೇ ಎಂದು ಹೇಳಿದ್ದೇನೆ. ನಿಮ್ಮ ಹತ್ತಿರ ಏನು ಮುಚ್ಚುಮರೆ: ತೊಂಬತ್ತಾರು ಸಾವಿರ. ಆಟೊ ಬಾಡಿಗೆ ಬೇರೆ.