ಆರಿಸದ ಕರ್ಪೂರ

ಎಂಬತ್ತರ ದಶಕದಲ್ಲಿ ನಮ್ಮ ಯಜಮಾನರು ರಾಜಾಜಿನಗರದ ಒಂದು ಸಣ್ಣ ಕಾರ್ಖಾನೆಯಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದರು. ಸರ್ಕಾರ ಕಡಿಮೆ ದರಕ್ಕೆ ಕೊಡುತ್ತಿದ್ದ ಕೋಟಾ ಕಬ್ಬಿಣವನ್ನು ಮಾಲೀಕ ಕಾಳಸಂತೆಗೆ ಸಾಗಿಸಿ ಸಿಕ್ಕಿಬಿದ್ದ. ಕಬ್ಬಿಣವೆಲ್ಲ ಕಾರ್ಖಾನೆಯಲ್ಲೇ ಬಳಕೆಯಾಯಿತು ಎಂಬ ಸುಳ್ಳು ಲೆಕ್ಕದ ಕೆಳಗೆ ಇವರ ಸಹಿ ಇತ್ತು. ಇವರನ್ನೂ ಹಿಡಿದುಕೊಂಡು ಹೋದರು. ಜಾಮೀನಿನ ಮೇಲೆ ಮನೆಗೆ ಬಂದ ದಿನ ವಿಜಯನಗರದ ನಮ್ಮ ವಠಾರದಲ್ಲಿ ಎಲ್ಲರಿಗೂ ನಮ್ಮ ಬಾಗಿಲ ಮುಂದೆಯೇ ಏನೋ ಕೆಲಸ.

ಲಾಯರು ಕಟ್ಟುನಿಟ್ಟಾಗಿ ಹೇಳಿದ್ದರು: "ನಿಮಗೆ ಗೊತ್ತಿತ್ತು ಅಂತ ಅವರೇ ಪ್ರೂವ್ ಮಾಡ್ಲಿ. ನಿಮ್ಮ ಮೇಲೆ ನೀವೇ ಸಾಕ್ಷಿ ಹೇಳ್ಬೇಕಾಗಿಲ್ಲ, ಸಂವಿಧಾನದಲ್ಲೇ ಇದೆ. ಯಾರ ಹತ್ರಾನೂ ಬಾಯಿ ಬಿಡ್ಬೇಡಿ."

ಅತ್ತೆ ಮೂಡಲಪಾಳ್ಯದ ಹೆಣ್ಣುಮಗಳು. ಅಲ್ಲಿ ಯಾರ ಮೇಲಾದರೂ ಕಳ್ಳತನದ ಮಾತು ಬಂದರೆ, ಅವರು ದೇವರ ಮುಂದೆ ಕರ್ಪೂರ ಹಚ್ಚಿ, "ನಾನಲ್ಲ" ಎಂದು ಆಣೆಯಿಟ್ಟು, ಅಂಗೈಯಿಂದ ಆರಿಸಬೇಕಿತ್ತು. ಅಲ್ಲಿಗೆ ಊರ ಬಾಯಿ ಮುಚ್ಚುತ್ತಿತ್ತು.

"ನಂಗೆ ಗೊತ್ತಿರ್ಲಿಲ್ಲ ಅಂತ ಒಂದು ಮಾತು ಹೇಳಿ ಆರಿಸ್ಬಿಡು ಮಗಾ" ಎಂದರು ಅತ್ತೆ.

"ಲಾಯರ್ ಬೇಡ ಅಂದಿದಾರೆ ಕಣಮ್ಮ."

"ಪೊಲೀಸ್ರಿಗೆ ಹೇಳ್ಬೇಡ ಅಂದ್ರೆ ದೇವ್ರಿಗೂ ಹೇಳ್ಬಾರ್ದಾ?"

ನಾನು ಗಂಡನ ಪರ. "ಕಾನೂನು ನಿಮಗೇನು ಗೊತ್ತು ಅತ್ತೆ?" ಎಂದು ರೇಗಿದೆ.

ವಾಯಿದೆ ಮೇಲೆ ವಾಯಿದೆ ಬಿತ್ತು. ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ ಎನ್ನುತ್ತಾರಲ್ಲ, ಸುಳ್ಳಲ್ಲ. ಇವರಿಗೆ ಕೂದಲು ನೆರೆಯಿತು. ನಾನು ಅವರಿವರ ರವಿಕೆ ಹೊಲಿದು ಸಂಸಾರ ತೂಗಿಸಿದೆ. ಅಂಗಡಿಗೆ ಹೋದರೂ ಯಾರ ಮುಖವನ್ನೂ ನೋಡದೆ ಬರುವುದು ಅಭ್ಯಾಸವಾಗಿಹೋಯಿತು. ಆದರೂ ಇವರಿಗೆ ಗೊತ್ತಿರಲಿಲ್ಲ ಎಂಬ ನಂಬಿಕೆಯೊಂದು ಇತ್ತಲ್ಲ, ಅದನ್ನು ಹಿಡಿದುಕೊಂಡೇ ದಿನ ದೂಡಿದೆ.

ಕೊನೆಗೆ ಇವರ ಮೇಲಿನ ಆರೋಪಕ್ಕೆ ಸಾಕ್ಷ್ಯ ಸಾಲದು ಎಂದು ಬಿಡುಗಡೆಯಾಯಿತು. ನಾನು ಶ್ಯಾವಿಗೆ ಪಾಯಸ ಮಾಡಿದೆ. ಅತ್ತೆ ಲೋಟ ಮುಟ್ಟಲಿಲ್ಲ. ದೇವರ ಮುಂದೆ ತಟ್ಟೆಯಲ್ಲಿ ಕರ್ಪೂರ ಇಟ್ಟು, ಮಗನ ಕೈಗೆ ಬೆಂಕಿಪೊಟ್ಟಣ ಕೊಟ್ಟರು.

"ಕೇಸು ಮುಗೀತಲ್ಲಪ್ಪ. ಈಗ ಹೇಳು."

ನನಗೆ ಸಂತೋಷವೇ ಆಯಿತು. ಹೇಳಿಬಿಡಲಿ, ವಠಾರಕ್ಕೆಲ್ಲ ಕೇಳುವ ಹಾಗೆ ಹೇಳಲಿ ಎಂದು ಬಾಗಿಲನ್ನು ಪೂರ್ತಿ ತೆರೆದೆ.

ಇವರು ಕಡ್ಡಿ ಗೀರಲಿಲ್ಲ. ಕರ್ಪೂರವನ್ನೇ ನೋಡುತ್ತ ನಿಂತಿದ್ದು, "ತಲೆ ನೋಯ್ತಾ ಇದೆ ಕಣಮ್ಮ" ಎಂದು ಒಳಗೆ ಹೋಗಿ ಗೋಡೆಯ ಕಡೆ ತಿರುಗಿ ಮಲಗಿದರು.

ಬಾಯಿ ಬಿಡಬೇಡಿ ಎಂದು ಈ ಸಲ ಯಾವ ಲಾಯರೂ ಹೇಳಿರಲಿಲ್ಲ.

ಅತ್ತೆ ಕರ್ಪೂರವನ್ನು ಡಬ್ಬಿಗೆ ಹಾಕಿದರು. "ಬಾಗಿಲು ಹಾಕ್ಕೊಂಡು ಬಾರಮ್ಮ" ಎಂದರು ನನಗೆ.