ಅನ್ನ ಹಾಕುವ ಕೈ

ನಾನು ಚಿಕ್ಕವನಿದ್ದಾಗ ನಾರಾವಿಯ ಸುತ್ತ ಯಾರ ಮನೆಯ ಬೇಟೆನಾಯಿ ಮರಿ ಹಾಕಿದರೂ ಅಪ್ಪನಿಗೆ ಹೇಳಿಕಳಿಸುತ್ತಿದ್ದರು. ಗದ್ದೆಗೆ ಇಳಿಯುವ ಕಾಡುಹಂದಿಯನ್ನು ಊರವರೆಲ್ಲ ಸೇರಿ ನಾಯಿಗಳ ಜೊತೆ ಓಡಿಸುತ್ತಿದ್ದ ಕಾಲ ಅದು. ಈಗ ಹಾಗೆ ಬೇಟೆಗೆ ಹೋದರೆ ಜೈಲು. ಮಕ್ಕಳೇ, ಆ ನಾಯಿಗಳು ಹೇಗಿದ್ದವು ಅಜ್ಜ ಎಂದು ನೀವು ಕೇಳಿದಿರಿ, ಅದಕ್ಕೆ ಬರೆಯಲು ಕೂತೆ. ಐದನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು. ಅಕ್ಷರದ ತಪ್ಪುಗಳನ್ನು ನೀವೇ ತಿದ್ದಿಕೊಳ್ಳಿ. ಇನ್ನೊಂದು ತಪ್ಪು ಇದರಲ್ಲಿದೆ, ಅದನ್ನು ನಾನೇ ಹೇಳಬೇಕು.

ಅಪ್ಪ ಮರಿಯನ್ನು ನೋಡುತ್ತಿದ್ದದ್ದು ಕಣ್ಣಿಗಿಂತ ಹೆಚ್ಚು ಕೈಯಿಂದ. ಕಣ್ಣು ಅರ್ಧ ಮುಚ್ಚಿಕೊಂಡು ಎದೆಗೂಡಿನ ಕೆಳಗೆ ಬೆರಳು ಇಳಿಸುತ್ತಿದ್ದರು. ಎದೆ ಆಳವಾಗಿರಬೇಕು, ಗುಡ್ಡೆ ಹತ್ತುವಾಗ ಉಸಿರು ತುಂಬಿಕೊಳ್ಳಲು ಜಾಗ ಬೇಕು. ಸೊಂಟ ಸಣ್ಣಗಿರಬೇಕು. ಪಾದ ಬೆಕ್ಕಿನದರ ಹಾಗೆ ಬಿಗಿಯಾಗಿರಬೇಕು, ಬೆರಳು ಅಗಲಿದ್ದರೆ ಮುಳ್ಳು ಹೊಗುತ್ತದೆ. ಗಿಡ್ಡ ರೋಮ, ಕುಡುಗೋಲಿನಂಥ ಬಾಲ, ಅನವಶ್ಯಕವಾಗಿ ಬೊಗಳದ ಗಂಟಲು. ಇಷ್ಟೆಲ್ಲ ನೋಡಿದ ಮೇಲೂ ಅಪ್ಪ, "ಇದು ಅರ್ಧ ನಾಯಿ ಮಾತ್ರ" ಎನ್ನುತ್ತಿದ್ದರು. ಉಳಿದರ್ಧ ಗುಣ. ಹಂದಿಯ ಎದುರು ಬೆಂಕಿಯಾಗುವ ನಾಯಿ ಮನೆಯವರ ಎದುರು ನೀರಾಗಬೇಕು. ಹಿಡಿದದ್ದನ್ನು 'ಬಿಡು' ಎಂದರೆ ಬಿಡಬೇಕು.

ಗುಣ ನೋಡಲು ಒಂದು ಕ್ರಮವಿತ್ತು. ಮೂರು ದಿನ ಬೆಳಿಗ್ಗೆ ಮರಿಗೆ ತೆಂಗಿನ ಗೆರಟೆಯಲ್ಲಿ ಗಂಜಿ ಇಟ್ಟು, ಅದು ಕುಡಿಯುತ್ತಿರುವಾಗ ನಡುವೆ ಕೈ ಹಾಕಿ ಗೆರಟೆಯನ್ನು ಎಳೆಯಬೇಕು. ಗುರ್ ಎಂದರೆ ಆ ಮರಿ ಬೇಟೆಗೂ ಆಗದು, ಮನೆಗೂ ಆಗದು. ಅದನ್ನು ದೂರದ ತೋಟ ಕಾಯುವವರಿಗೆ ಕೊಡುತ್ತಿದ್ದರು. ಅಲ್ಲಿ ಅದಕ್ಕೆ ಜೀವಮಾನವಿಡೀ ಸಂಕೋಲೆ. ಪರೀಕ್ಷೆಯಲ್ಲಿ ಗೆದ್ದ ಮರಿಗೆ ಮನೆಯಲ್ಲಿ ಹಗ್ಗವೇ ಇಲ್ಲ, ಮಕ್ಕಳ ಜೊತೆ ಬಿಟ್ಟುಬಿಡುತ್ತಿದ್ದರು. ಪರೀಕ್ಷೆ ಮಾಡಬೇಕಾದದ್ದು ಯಾವ ಕೈ ಮುಂದೆ ಅದಕ್ಕೆ ಅನ್ನ ಹಾಕುತ್ತದೋ ಅದೇ ಕೈ. ನಮ್ಮ ಮನೆಗೆಂದು ಅಪ್ಪ ಆರಿಸಿದ ಕೆಂಚು ಮರಿಗೆ ಅನ್ನ ಹಾಕುವ ಕೆಲಸ ನನ್ನ ಪಾಲಿಗೆ ಬಂತು. ನನಗೆ ಆಗ ಹತ್ತು ವರ್ಷ.

ಅಂಥ ಚಂದದ ಮರಿಯನ್ನು ನಾನು ನೋಡಿರಲಿಲ್ಲ. ಅಪ್ಪ ಹೇಳುವ ಲಕ್ಷಣಗಳನ್ನೆಲ್ಲ ಯಾರೋ ಕೂತು ಕೆತ್ತಿದ ಹಾಗಿತ್ತು. ಅಂಗಿಯೊಳಗೆ ಇಟ್ಟುಕೊಂಡು ಮನೆಗೆ ತಂದಿದ್ದೆ, ದಾರಿಯಿಡೀ ಅದರ ಎದೆ ನನ್ನ ಎದೆಗೆ ಬಡಿಯುತ್ತಿತ್ತು. ಮೊದಲ ದಿನ ಗೆರಟೆ ಎಳೆದೆ. ಅದು ಗುರ್ ಎಂದಿತು. ಎರಡನೆಯ ದಿನ ಬೆನ್ನಿನ ಮೇಲಿನ ರೋಮ ಒಂದು ಗೆರೆಯಾಗಿ ಎದ್ದು ನಿಂತಿತು. ಮೂರನೆಯ ದಿನ ಬೆರಳನ್ನೇ ಹಿಡಿಯಿತು. ಸೂಜಿಯಂಥ ಹಾಲುಹಲ್ಲು, 'ಬಿಡು' ಎಂದರೂ ಬಿಡಲಿಲ್ಲ.

ಮೂರು ದಿನವೂ ಅಪ್ಪ ಕೇಳಿದರು, "ಎಂತ ಮಗಾ, ಹೇಗುಂಟು?"

ಮೂರು ದಿನವೂ ನಾನು ಹೇಳಿದೆ, "ಪಾಪದ್ದು ಅಪ್ಪ, ಎಂತ ಮಾಡುವುದಿಲ್ಲ."

ಸಾಧುವಾದದ್ದಕ್ಕೆ ನಮ್ಮ ಕಡೆ ಪಾಪದ್ದು ಎನ್ನುತ್ತಾರೆ.

ಒಂದು ವರ್ಷ ಏನೂ ಆಗಲಿಲ್ಲ. ಆಗದ ಹಾಗೆ ನಾನು ನೋಡಿಕೊಂಡೆ. ಅದು ತಿನ್ನುವಾಗ ನಾನು ಯಾರನ್ನೂ ಹತ್ತಿರ ಬಿಡಲಿಲ್ಲ, ನಾನೂ ಹೋಗಲಿಲ್ಲ. ಇದೇನೂ ತಿಳಿಯದ ಅಕ್ಕ ಬೇರೆ ಹೊತ್ತಿನಲ್ಲಿ ಅದರ ಪಕ್ಕದಲ್ಲೇ ಕೂತು ಬೀಡಿ ಕಟ್ಟುತ್ತಿದ್ದಳು. ಮಡಿಲಲ್ಲಿ ಎಲೆ, ಹೊಗೆಸೊಪ್ಪು ತುಂಬಿದ ತಡ್ಪೆ, ಅಂದರೆ ಮೊರ. ಅವಳ ಬಲಗೈಯ ಹೆಬ್ಬೆರಳು, ತೋರುಬೆರಳು ಎಲೆಯನ್ನು ಸುತ್ತಿ ತುದಿ ಮಡಚುವುದನ್ನು ನೋಡಲು ನೆರೆಮನೆಯ ಹುಡುಗಿಯರು ಬರುತ್ತಿದ್ದರು. ಅಷ್ಟು ಬೇಗ ಕಟ್ಟುವವರು ಆ ಓಣಿಯಲ್ಲಿ ಬೇರೆ ಇರಲಿಲ್ಲ.

ಬಣ್ಣ ನೋಡಿ ನಾವು ಕೆಂಚ ಎಂದು ಕರೆದ ಆ ನಾಯಿಗೆ ಒಂದು ದಿನ ಮೊದಲ ಬೇಟೆ ಬಂತು. ಬೆಳಿಗ್ಗೆ ಗುಡ್ಡೆಯ ಮೇಲೆ ಮಂಜು ಇನ್ನೂ ಕೂತಿತ್ತು. ಒಂದು ಕಾಗೆಯೂ ಕೂಗಲಿಲ್ಲ. ಬೇಟೆಗೆ ಮುಂದಾಳಾದ ನೆರೆಮನೆಯ ಮಾವ ಈಟಿ ಹಿಡಿದು ಅಂಗಳಕ್ಕೆ ಬಂದರು. ನಾಯಿಯ ಸುತ್ತ ಎರಡು ಸಲ ನಡೆದರು.

"ಎದೆ ನೋಡು ಮಾರಾಯ, ನಿನ್ನದಕ್ಕಿಂತ ಅಗಲ ಉಂಟು," ಎಂದು ಅಪ್ಪನನ್ನು ಕೆಣಕಿದರು.

"ನನ್ನ ಎದೆ ಎಂತಕ್ಕೆ? ಹಂದಿ ಬಂದಾಗ ಮರ ಹತ್ತುವುದು ನೀನಲ್ಲವಾ?" ಎಂದರು ಅಪ್ಪ. ಇಬ್ಬರೂ ನಕ್ಕರು. ಕೆಂಚ ನಗುವಿನ ಕಡೆ ತಲೆ ಎತ್ತಲಿಲ್ಲ.

ಬೇಟೆಯ ದಿನ ನಾಯಿಗೆ ಹೊಟ್ಟೆ ತುಂಬ ಹಾಕಬಾರದು. ನನಗೆ ಅದು ಗೊತ್ತಿತ್ತು. ಆದರೂ ಪ್ರೀತಿಯಿಂದ ದನದ ಕೊಟ್ಟಿಗೆಯ ಮೂಲೆಯಲ್ಲಿ ಗಂಜಿಗೆ ಒಣಮೀನು ಹಾಕಿ ಕೆಂಚನಿಗೆ ಇಟ್ಟೆ. ಅದು ಕುಡಿಯುವ ಲಪಲಪ ಸದ್ದು ಅಪ್ಪನಿಗೆ ಕೇಳಿಸಿತು.

"ಯಾರು ಹಾಕಿದ್ದು? ಹೊಟ್ಟೆ ತುಂಬಿದ್ರೆ ಇದು ಓಡ್ತದಾ?" ಎಂದು ಗದರಿ, ಜಗಲಿಯಲ್ಲಿದ್ದ ಅಕ್ಕನಿಗೆ ಹೇಳಿದರು, "ಹೋಗು ಮಗಾ, ಆ ಗೆರಟೆ ತೆಗಿ."

ಅಕ್ಕ ತಡ್ಪೆ ಕೆಳಗಿಟ್ಟು ಎದ್ದಳು. ಜಗಲಿಯಿಂದ ಕೊಟ್ಟಿಗೆಗೆ ಇಪ್ಪತ್ತು ಹೆಜ್ಜೆ. ನಾನು ನಡುವೆ ನಿಂತಿದ್ದೆ, ನನ್ನನ್ನು ದಾಟಿಯೇ ಹೋದಳು. 'ಬೇಡ ಅಕ್ಕ' ಎಂಬ ಮಾತು ನಾಲಿಗೆಯ ಮೇಲಿತ್ತು. ಅದನ್ನು ಹೇಳಿದರೆ ಅಪ್ಪ, ನಿನಗೆ ಹೇಗೆ ಗೊತ್ತು ಎಂದು ಕೇಳುತ್ತಿದ್ದರು. ನಾನು ಬಾಯಿ ಮುಚ್ಚಿಕೊಂಡೆ. ಅಕ್ಕ ಬಗ್ಗಿದಳು. ಲಪಲಪ ಸದ್ದು ನಿಂತಿತು. ಆ ನಿಶ್ಶಬ್ದ ಎಷ್ಟು ಹೊತ್ತಿತ್ತೋ ತಿಳಿಯದು, ನನ್ನ ಕಿವಿಯಲ್ಲಿ ಅದು ಇಂದಿಗೂ ಇದೆ.

ನಾಯಿ ಬೊಗಳಲಿಲ್ಲ. ಒಳ್ಳೆಯ ಬೇಟೆನಾಯಿ ಬೊಗಳುವುದಿಲ್ಲ. ಅಪ್ಪ ಓಡಿಹೋಗಿ ಈಟಿಯ ಕೋಲನ್ನು ಅದರ ಹಲ್ಲಿನ ನಡುವೆ ತೂರಿಸಿ ತಿರುಗಿಸಿದ ಮೇಲೆಯೇ ಅಕ್ಕನ ಕೈ ಹೊರಗೆ ಬಂದದ್ದು.

ಕೈಗೆ ಬಟ್ಟೆ ಸುತ್ತುವಾಗ ಮಾವ ಹೇಳಿದರು, "ತಿನ್ನುವ ನಾಯಿಯ ಎದುರು ಹಾಗೆ ಗಬಕ್ಕನೆ ಕೈ ಹಾಕುವುದಾ ಮಗಳೇ?"

"ನಾನು ಮೆಲ್ಲ ತೆಗೆದದ್ದು," ಎಂದಳು ಅಕ್ಕ. ಅವಳ ತುಟಿ ಬಿಳಿಚಿಕೊಂಡಿತ್ತು. "ಅಪ್ಪ, ನಾನು ಮೆಲ್ಲವೇ ತೆಗೆದದ್ದು."

ಅಪ್ಪ ನನ್ನ ಕಡೆ ತಿರುಗಿದರು. "ಮೂರು ದಿನ ನೀನು ನೋಡಿದ್ದಿ ಅಲ್ಲವಾ? ಒಂದು ದಿನವೂ ಗುರ್ ಅನ್ನಲಿಲ್ಲವಾ?"

ಅಕ್ಕನೂ ನನ್ನನ್ನೇ ನೋಡಿದಳು.

"ಇಲ್ಲ," ಎಂದೆ.

"ಹಾಗಾದ್ರೆ ನಾಯಿಯದ್ದು ತಪ್ಪಿಲ್ಲ," ಎಂದರು ಅಪ್ಪ.

ಮೂಡುಬಿದಿರೆಯ ಡಾಕ್ಟರು ಹೊಲಿಗೆ ಹಾಕಿದರು. ಹೊಕ್ಕುಳ ಸುತ್ತ ಹದಿನಾಲ್ಕು ಇಂಜೆಕ್ಷನ್ನು, ದಿನಕ್ಕೊಂದು, ಬಸ್ಸಿನಲ್ಲಿ ಹೋಗಿ ಬರಬೇಕು. ಗಾಯ ಒಣಗಿತು. ಹೆಬ್ಬೆರಳು ಒಳಕ್ಕೆ ಮಡಚಿಯೇ ಉಳಿಯಿತು, ತೋರುಬೆರಳು ಬಾಗಲೇ ಇಲ್ಲ. ಅಕ್ಕ ಎಡಗೈಯಲ್ಲಿ ಬೀಡಿ ಕಟ್ಟಲು ಕೆಲವು ತಿಂಗಳು ಪ್ರಯತ್ನಿಸಿದಳು. ಎಲೆ ಬಿಚ್ಚಿಕೊಳ್ಳುತ್ತಿತ್ತು. ಒಂದು ದಿನ ತಡ್ಪೆಯನ್ನು ಗೋಡೆಗೆ ತೂಗುಹಾಕಿದಳು, ಮತ್ತೆ ಇಳಿಸಲಿಲ್ಲ.

ಕೆಂಚ ಇನ್ನೂ ಆರು ವರ್ಷ ನಮ್ಮ ಅಂಗಳದಲ್ಲಿ ಬದುಕಿತು, ಹಗ್ಗವಿಲ್ಲದೆ. ನೋಡಲು ಬಂದವರು ಅದರ ಎದೆಯನ್ನು, ನಡೆಯನ್ನು ಹೊಗಳಿ ಹೋಗುತ್ತಿದ್ದರು. ಅಕ್ಕ ಆ ಆರು ವರ್ಷವೂ ಹಿಂಬಾಗಿಲಿನಿಂದ ಓಡಾಡಿದಳು. ನೀರು ತರಲು ಬಾವಿಗೆ ಹೋಗುವಾಗಲೂ ಮನೆಯನ್ನು ಪೂರ್ತಿ ಸುತ್ತಿ ಹೋಗುತ್ತಿದ್ದಳು. ಗಡಿಬಿಡಿಯವಳು, ಕೈ ನಿಲ್ಲದವಳು ಎಂಬ ಹೆಸರೂ ಅವಳಿಗೆ ಅಂಟಿತು. ನಾನು ಅದನ್ನು ಕೇಳಿಸಿಕೊಂಡು ಊಟ ಮಾಡಿದ್ದೇನೆ, ನಿದ್ದೆ ಮಾಡಿದ್ದೇನೆ. ಅಪ್ಪ ತೀರಿಕೊಂಡರು. ಆಗಲೂ ಹೇಳಲಿಲ್ಲ.

ನಿಮ್ಮ ಬಿ.ಸಿ.ರೋಡಿನ ಮನೆಗೆ ಈಗ ಬಂಗಾರ ಬಣ್ಣದ ಮರಿ ಬಂದಿದೆ. ಅದರ ಅಜ್ಜ ಮುತ್ತಜ್ಜರ ಹೆಸರು ಬರೆದ ಕಾಗದವೂ ಜೊತೆಗಿದೆ. ಎತ್ತರ ಎಷ್ಟಿರಬೇಕು, ಬಾಲ ನೀರುನಾಯಿಯಂತೆ ಹೇಗೆ ದಪ್ಪವಿರಬೇಕು, ಕೋಳಿಮೊಟ್ಟೆ ಇಟ್ಟರೂ ಒಡೆಯದಷ್ಟು ಬಾಯಿ ಹೇಗೆ ಮೃದುವಿರಬೇಕು ಎಂದು ಮೊಬೈಲ್ ನೋಡಿ ನನಗೆ ಓದಿ ಹೇಳಿದಿರಿ. ನಿಮ್ಮದು ಅದೃಷ್ಟದ ಕಾಲ. ನಿಮ್ಮ ಮರಿ ಮೊನ್ನೆ ಬಟ್ಟಲಿನ ಮುಂದೆ ಒಮ್ಮೆ ಗುರ್ ಎಂದಾಗ ವಿಡಿಯೊ ಮಾಡಿ ಎಲ್ಲರಿಗೂ ಕಳಿಸಿದಿರಿ. ಸಂಜೆಯೊಳಗೆ ಪ್ರಾಣಿಗಳ ಡಾಕ್ಟರೂ ನೋಡಿದರು, ಏನು ಮಾಡಬೇಕೆಂದೂ ಹೇಳಿದರು. ನಮ್ಮ ಕಾಲದಲ್ಲಿ ಒಂದು ಗುರ್ ಕೇಳಿಸಿದ್ದು ಒಬ್ಬನಿಗೆ ಮಾತ್ರ. ಅವನು ಸುಮ್ಮನಿದ್ದರೆ ಅದು ಆಗಲೇ ಇಲ್ಲ ಎಂದು ಲೆಕ್ಕ.

ಬರುವ ಭಾನುವಾರ ಅಕ್ಕ ನಿಮ್ಮ ಮರಿಯನ್ನು ನೋಡಲು ಬರುತ್ತಾಳೆ. ಅವಳಿಗೆ ಓದು ಬಾರದು. ಇದನ್ನು ಅವಳ ಪಕ್ಕದಲ್ಲಿ ಕೂತು ಗಟ್ಟಿಯಾಗಿ ಓದಿ ಹೇಳಿ. ನನ್ನ ಮೇಲಿನ ಪ್ರೀತಿಯಿಂದ ನಡುವೆ ಒಂದು ಸಾಲನ್ನೂ ಹಾರಿಸಬೇಡಿ. ನಾನು ಅಲ್ಲೇ ಎದುರಿನ ಕುರ್ಚಿಯಲ್ಲಿ ಇರುತ್ತೇನೆ. ಓದಿ ಮುಗಿದ ಮೇಲೆ ಅವಳು ಏನು ಹೇಳಿದರೂ, ಅಥವಾ ಏನೂ ಹೇಳದೆ ಎದ್ದು ಹೋದರೂ, ನೀವು ಅವಳನ್ನು ತಡೆಯಬೇಡಿ.